ಓಎಸ್ ಹಾಕಿದ್ದಾಯ್ತು, ಕಂಪ್ಯೂಟರ್ ಏಳ್ತಿಲ್ಲ: ಮನೆಯಲ್ಲೇ ಜೋಡಿಸಿದ ಪಿಸಿಗೆ ದೋಷ ನಿವಾರಣೆ ಕೈಪಿಡಿ

ಬಿಡಿಭಾಗ ತಂದು ನೀವೇ ಜೋಡಿಸಿದ್ದೀರಿ. ಪೆನ್‌ಡ್ರೈವ್‌ನಿಂದ ವಿಂಡೋಸ್ ಅಥವಾ ಉಬುಂಟು ಹಾಕಿದ್ದೂ ಆಯ್ತು. 100 ಪರ್ಸೆಂಟ್ ಅಂತ ತೋರಿಸಿ ರೀಸ್ಟಾರ್ಟ್ ಆಯ್ತು. ಆಮೇಲೆ ಕಪ್ಪು ಪರದೆ. ಇಲ್ಲವೇ ಬಿಳಿ ಅಕ್ಷರದ ಒಂದು ಸಾಲು. ಇಲ್ಲವೇ ಸುತ್ತುತ್ತಲೇ ಇರುವ ಚುಕ್ಕಿಗಳು. ಈ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗುವುದು ಕ್ಯಾಬಿನೆಟ್ ಬಿಚ್ಚಿ ರ‍್ಯಾಮ್ ಕೀಳೋದಕ್ಕೆ. ಸ್ವಲ್ಪ ತಡೆಯಿರಿ.

ಇನ್‌ಸ್ಟಾಲ್ ಪೂರ್ತಿ ಮುಗಿದಿದೆ ಅಂದರೆ ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡ್, ಡಿಸ್ಕ್, ಡಿಸ್‌ಪ್ಲೇ ಎಲ್ಲವೂ ಅಷ್ಟು ಹೊತ್ತು ಒಟ್ಟಿಗೆ ಕೆಲಸ ಮಾಡಿವೆ ಅಂತಲೇ ಅರ್ಥ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾ? ಆಮೇಲೆ ಬದಲಾಗಿದ್ದು ಬಹಳ ಕಡಿಮೆ. ಪೆನ್‌ಡ್ರೈವ್ ಬದಲು ಡಿಸ್ಕ್‌ನಿಂದ ಬೂಟ್ ಆಗಬೇಕು. ಹೊಸ ಡ್ರೈವರ್‌ಗಳು ಲೋಡ್ ಆಗಬೇಕು. ನಡುವೆ ನೀವು ಬಯೋಸ್‌ನಲ್ಲಿ (ಓಎಸ್‌ಗೂ ಮುಂಚೆ ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಏನಾದರೂ ಬದಲಿಸಿರಬಹುದು. ಹಾಗಾಗಿ ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಹೊಸ ಪಾರ್ಟ್ ಕೊಳ್ಳೋದು ಕೊನೆಯ ಮಾತು.

ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ್ದು ಒಂದೇ: ಮಷೀನು ಎಲ್ಲಿಯ ತನಕ ಬಂದು ನಿಲ್ಲುತ್ತಿದೆ? ಮದರ್‌ಬೋರ್ಡ್ ಲೋಗೋಗೂ ಮುಂಚೆಯಾ, ಲೋಗೋ ಆದ ಕೂಡಲೇನಾ, ಚುಕ್ಕಿ ಸುತ್ತಲು ಶುರುವಾದ ಮೇಲಾ? ಫೋನಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಅರೆ ಸೆಕೆಂಡು ಮಿನುಗಿ ಹೋಗುವ ಸಾಲನ್ನು ಆಮೇಲೆ ನಿಲ್ಲಿಸಿ ಓದಬಹುದು.

ಕೈ ಹಾಕುವ ಮುಂಚೆ

ಕ್ಯಾಬಿನೆಟ್ ಒಳಗೆ ಏನೇ ಮುಟ್ಟುವುದಿದ್ದರೂ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ) ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡ್‌ನಲ್ಲಿ ಉಳಿದಿರುವ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೇ ಅಪಾಯ ತರುವಷ್ಟು ಚಾರ್ಜ್ ಉಳಿದಿರಬಹುದು. ಸುಟ್ಟ ವಾಸನೆ, ಹೊಗೆ, ಚಟಪಟ ಸದ್ದು ಇವುಗಳಲ್ಲಿ ಯಾವುದೇ ಇದ್ದರೂ ಪ್ಲಗ್ ತೆಗೆದು ಅಲ್ಲಿಗೇ ನಿಲ್ಲಿಸಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತದೆಯೇ? ಹೆಚ್ಚಾಗಿ ಆ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಸರಿಯಿಲ್ಲ. ಕಂಪ್ಯೂಟರ್ ಆಮೇಲೆ ನೋಡಿದರಾಯ್ತು, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಹಳೇ ಫೋಟೋ, ದಾಖಲೆ ಇರುವ ಡಿಸ್ಕ್ ಕೂಡ ಇದೇ ಮಷೀನಿನಲ್ಲಿದ್ದರೆ ಅದರ ಕೇಬಲ್ ಕಿತ್ತು ಪಕ್ಕಕ್ಕಿಡಿ. ಪ್ರಯೋಗ ಎಲ್ಲ ಮುಗಿದ ಮೇಲೆ ಹಾಕಿದರೆ ಸಾಕು.

ಪದೇ ಪದೇ ಇನ್‌ಸ್ಟಾಲ್ ಪರದೆಯೇ ಬರುತ್ತಿದೆ

ಪೆನ್‌ಡ್ರೈವ್ ಇನ್ನೂ ಚುಚ್ಚಿಕೊಂಡೇ ಇದೆ. ತೆಗೆಯಿರಿ, ರೀಸ್ಟಾರ್ಟ್ ಮಾಡಿ. ಅರ್ಧದಷ್ಟು ಪ್ರಕರಣ ಇಲ್ಲೇ ಮುಗಿದರೂ ಆಶ್ಚರ್ಯವಿಲ್ಲ. ಇನ್‌ಸ್ಟಾಲ್ ಮಾಡಲೆಂದು ಬಯೋಸ್‌ನಲ್ಲಿ ಯುಎಸ್‌ಬಿಯನ್ನು ಮೊದಲ ಸ್ಥಾನಕ್ಕೆ ತಂದಿದ್ದರೆ ಈಗ ಅದನ್ನು ಕೆಳಗಿಳಿಸಿ.

ಪೆನ್‌ಡ್ರೈವ್ ತೆಗೆದರೆ 'ಬೂಟ್ ಡಿವೈಸ್ ಇಲ್ಲ' ಎನ್ನುತ್ತದೆ, ಇಲ್ಲವೇ ನೇರ ಬಯೋಸ್‌ಗೆ ಹೋಗುತ್ತದೆ

ಮನೆಯಲ್ಲಿ ಜೋಡಿಸಿದ ಪಿಸಿಗಳಲ್ಲಿ ಜಾಸ್ತಿ ಕಾಡುವುದು ಇದೇ. 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಎಂಬ ಸಾಲು ಕಂಡರೂ, ಏನೂ ಹೇಳದೆ ಬಯೋಸ್ ತೆರೆದು ಕೂತರೂ ಅರ್ಥ ಒಂದೇ. ಓಎಸ್ ಶುರುಮಾಡುವ ಫೈಲ್ ಮದರ್‌ಬೋರ್ಡ್‌ಗೆ ಸಿಗುತ್ತಿಲ್ಲ. ಓಎಸ್ ಕೆಟ್ಟಿದೆ ಅಂತ ಇದರಿಂದ ಹೇಳಲಾಗದು.

ಮೊದಲು ಬೂಟ್ ಮೆನು ತೆರೆಯಿರಿ. ಪವರ್ ಬಟನ್ ಒತ್ತಿದ ಕೂಡಲೇ ಆಸುಸ್ ಬೋರ್ಡ್‌ನಲ್ಲಿ ಎಫ್8, ಗಿಗಾಬೈಟ್‌ನಲ್ಲಿ ಎಫ್12, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಎಫ್11 ಕೀಯನ್ನು ಟಕಟಕ ಒತ್ತುತ್ತಿರಿ. ಬರುವ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅಥವಾ 'ಉಬುಂಟು' ಎಂಬ ಹೆಸರಿದ್ದರೆ ಅದನ್ನು ಆರಿಸಿ. ಓಎಸ್ ಎದ್ದು ಬಂತಾ? ಹಾಗಾದರೆ ಬರೀ ಸರದಿ ತಪ್ಪಿದೆ. ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ, ಬೂಟ್ ಆರ್ಡರ್‌ನಲ್ಲಿ ಆ ಹೆಸರನ್ನೇ ಮೊದಲಿಗೆ ತಂದು, ಎಫ್10 ಒತ್ತಿ ಸೇವ್ ಮಾಡಿ. ಒಂದು ಮಾತು ನೆನಪಿಡಿ. ಪಟ್ಟಿಯಲ್ಲಿ ಡಿಸ್ಕ್ ಕಂಪನಿಯ ಹೆಸರು ಬೇರೆ, ವಿಂಡೋಸ್ ಬೂಟ್ ಮ್ಯಾನೇಜರ್ ಬೇರೆ ಇರಬಹುದು. ಮೇಲೆ ಬರಬೇಕಾದ್ದು ಎರಡನೆಯದು.

ಆ ಹೆಸರೇ ಇಲ್ಲದಿದ್ದರೆ ಮುಂದಿನ ಪ್ರಶ್ನೆ: ಡಿಸ್ಕ್ ಆದರೂ ಬಯೋಸ್‌ಗೆ ಕಾಣುತ್ತಿದೆಯೇ? ಸ್ಟೋರೇಜ್ ಅಥವಾ ಎನ್‌ವಿಎಂಇ ಎಂಬ ಪುಟದಲ್ಲಿ ನೋಡಿ.

ಕಾಣದಿದ್ದರೆ ಅದು ತಂತಿ, ತಿರುಪಿನ ವಿಷಯ. ಕೇಬಲ್‌ನಿಂದ ಜೋಡಿಸುವ ಸಾಟಾ ಡಿಸ್ಕ್ ಆದರೆ ಆ ಕೇಬಲ್‌ನ ಎರಡೂ ತುದಿ ಕಿತ್ತು ಮತ್ತೆ ಒತ್ತಿ ಕೂರಿಸಿ, ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಎಂ.2 ಎಸ್‌ಎಸ್‌ಡಿ ಆದರೆ ತಿರುಪು ಬಿಗಿಯಾಗಿದೆಯೇ, ಕಾರ್ಡ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಈಗಷ್ಟೇ ಓಡಿದ ಎಸ್‌ಎಸ್‌ಡಿ ಕೈ ಸುಡುವಷ್ಟು ಬಿಸಿ ಇರಬಹುದು, ಸ್ವಲ್ಪ ಬಿಟ್ಟು ಮುಟ್ಟಿ. ಅನೇಕ ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಯಾವುದೋ ಒಂದೆರಡು ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತವೆ. ಯಾವುದು ಅಂತ ಬೋರ್ಡಿನ ಮ್ಯಾನುವಲ್‌ನಲ್ಲಿ ಬರೆದಿರುತ್ತದೆ. ಡಿಸ್ಕ್ ಸತ್ತಿದೆ ಅಂತ ಅಂಗಡಿಗೆ ಹೊತ್ತೊಯ್ಯುವ ಮುಂಚೆ ಆ ಪುಟ ಓದಿ.

ಡಿಸ್ಕ್ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಮಾತ್ರ ಇಲ್ಲ ಅಂದರೆ ಎರಡು ಕಾರಣ ಹುಡುಕಬೇಕು.

ಮೊದಲನೆಯದು ಹಳೇ ಪದ್ಧತಿ, ಹೊಸ ಪದ್ಧತಿಯ ಜಗಳ. ಹಳೇ ಲೆಗಸಿ ಪದ್ಧತಿಯಲ್ಲಿ ಡಿಸ್ಕ್ ಎಂಬಿಆರ್ ರೀತಿಯಲ್ಲಿ ಭಾಗವಾಗಿರುತ್ತದೆ. ಹೊಸ ಯುಇಎಫ್‌ಐ ಪದ್ಧತಿಗೆ ವಿಂಡೋಸ್ ಜಿಪಿಟಿ ರೀತಿಯನ್ನೇ ಕೇಳುತ್ತದೆ. ನೀವು ರೂಫಸ್‌ನಂಥ ಸಾಧನದಲ್ಲಿ ಪೆನ್‌ಡ್ರೈವ್ ಮಾಡುವಾಗ ಎಂಬಿಆರ್ ಆರಿಸಿ, ಬಯೋಸ್‌ನಲ್ಲಿ ಸಿಎಸ್‌ಎಂ (ಹಳೇ ಪದ್ಧತಿಯಲ್ಲೂ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆನ್ ಇದ್ದಾಗ ಇನ್‌ಸ್ಟಾಲ್ ಮಾಡಿರಬಹುದು. ಆಮೇಲೆ ಸಹಿ ಇಲ್ಲದ ಓಎಸ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್‌ಗೋ, ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸುವ ರೀಸೈಜಬಲ್ ಬಾರ್‌ಗೋ ಸಿಎಸ್‌ಎಂ ಆಫ್ ಮಾಡಿದಿರಿ. ಅಲ್ಲಿಗೆ ಓಎಸ್ ಕಣ್ಮರೆ. ಸುಮ್ನೆ ಪರೀಕ್ಷೆಗೆಂದು ಸಿಎಸ್‌ಎಂ ಮತ್ತೆ ಆನ್ ಮಾಡಿ. ವಿಂಡೋಸ್ ಬಂದರೆ ಕಾರಣ ಸಿಕ್ಕಂತೆ. ಆದರೆ ಹಾಗೇ ಬಿಡಬೇಡಿ. ವಿಂಡೋಸ್ 11ಕ್ಕೆ ಯುಇಎಫ್‌ಐ ಮತ್ತು ಟಿಪಿಎಂ 2.0 (ಕೀಗಳನ್ನು ಕಾಪಾಡುವ ಭದ್ರತಾ ಚಿಪ್) ಬೇಕು. ಎಂಬಿಆರ್ ಡಿಸ್ಕ್‌ನಲ್ಲಿ 2 ಟಿಬಿಗಿಂತ ಮೇಲಿನ ಜಾಗ ಬಳಸಲೂ ಆಗದು. ಡಿಸ್ಕ್‌ನಲ್ಲಿ ಇನ್ನೂ ಏನೂ ಇಲ್ಲ ಅಲ್ವಾ? ಸಿಎಸ್‌ಎಂ ಆಫ್ ಇಟ್ಟು, ಪೆನ್‌ಡ್ರೈವ್‌ಅನ್ನು ಜಿಪಿಟಿ ಮತ್ತು ಯುಇಎಫ್‌ಐ ಎಂದು ಮತ್ತೆ ಮಾಡಿ, ಹಳೇ ಪಾರ್ಟಿಷನ್ ಎಲ್ಲ ಅಳಿಸಿ ಹೊಸದಾಗಿ ಹಾಕುವುದೇ ಲೇಸು. ಆಗಲೇ ಡೇಟಾ ತುಂಬಿದ್ದರೆ ವಿಂಡೋಸ್ ಜೊತೆ ಬರುವ ಎಂಬಿಆರ್2ಜಿಪಿಟಿ ಸಾಧನದಿಂದ ಅಳಿಸದೆ ಬದಲಿಸಬಹುದು. ಬ್ಯಾಕಪ್ ಇಲ್ಲದೆ ಆ ಸಾಹಸ ಬೇಡ.

ಎರಡನೆಯದು ಇನ್ನೂ ಮೋಜಿನದು. ಇನ್‌ಸ್ಟಾಲ್ ಮಾಡುವಾಗ ಎರಡು ಡಿಸ್ಕ್ ಇದ್ದವು, ಹೊಸ ಎಸ್‌ಎಸ್‌ಡಿ ಮತ್ತು ಹಳೇ ಹಾರ್ಡ್ ಡಿಸ್ಕ್. ನೀವು ಎಸ್‌ಎಸ್‌ಡಿಯನ್ನೇ ಆರಿಸಿದ್ದೀರಿ. ಆದರೂ ಹಳೇ ಡಿಸ್ಕ್‌ನಲ್ಲಿ ಆಗಲೇ ಒಂದು ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲ್ ಇಡುವ ಚಿಕ್ಕ ಭಾಗ) ಇದ್ದರೆ ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು ಅಲ್ಲಿಗೇ ಹಾಕಿಬಿಡಬಹುದು. ಹಳೇ ಡಿಸ್ಕ್ ಇರುವ ತನಕ ಎಲ್ಲ ಸರಿ. ಅದನ್ನು ತೆಗೆದ ದಿನ ಹೊಸ ಎಸ್‌ಎಸ್‌ಡಿ ಕೂಡ ಎದ್ದೇಳುವುದಿಲ್ಲ. ಹಳೇ ಡಿಸ್ಕ್ ಮತ್ತೆ ಜೋಡಿಸಿದಾಗ ವಿಂಡೋಸ್ ಬಂದರೆ ಖಾತ್ರಿ. ಬಿಸಿಡಿಬೂಟ್ ಕಮಾಂಡ್‌ನಿಂದ ಹೊಸ ಡಿಸ್ಕ್‌ನಲ್ಲಿ ಬೂಟ್ ಫೈಲ್ ಕೂರಿಸುವ ದಾರಿ ಇದೆ. ಅದಕ್ಕೆ ಮೊದಲು ಡಿಸ್ಕ್ ಭಾಗ ಮಾಡುವ ಡಿಸ್ಕ್‌ಪಾರ್ಟ್‌ನಲ್ಲಿ ಜಾಗ ಕುಗ್ಗಿಸಿ ಹೊಸ ಇಎಫ್‌ಐ ಪಾರ್ಟಿಷನ್ ಮಾಡಬೇಕು. ಅಲ್ಲಿ ಡಿಸ್ಕ್ ನಂಬರ್ ಒಂದು ತಪ್ಪಿ 'ಕ್ಲೀನ್' ಅಂತ ಟೈಪ್ ಮಾಡಿದರೆ ಮನೆಯ ಮದುವೆ ಫೋಟೋಗಳೆಲ್ಲ ಹೋದವು ಅಂತ ತಿಳಿಯಿರಿ. ಹೊಸ ಮಷೀನಿಗೆ ನನ್ನ ಸಲಹೆ ಸರಳ. ಓಎಸ್ ಹಾಕುವ ಡಿಸ್ಕ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಿತ್ತಿಡಿ, ಮತ್ತೆ ಇನ್‌ಸ್ಟಾಲ್ ಮಾಡಿ. ಕಮಾಂಡ್ ಜೊತೆ ಗುದ್ದಾಡುವ ಹೊತ್ತಿನಲ್ಲಿ ಅದೇ ಮುಗಿದುಹೋಗುತ್ತದೆ.

ವಿಂಡೋಸ್ ಪಕ್ಕ ಲಿನಕ್ಸ್ ಹಾಕಿದ ಮೇಲೆ ಒಂದು ಕಾಣೆಯಾಗಿದೆ

ಉಬುಂಟು ಬರುತ್ತದೆ, ವಿಂಡೋಸ್ ಮೆನುವಿನಲ್ಲಿಲ್ಲ ಅಂದರೆ ಗಾಬರಿ ಬೇಡ. ಗ್ರಬ್ ಅಂದರೆ ಲಿನಕ್ಸ್ ಜೊತೆ ಬರುವ, ಓಎಸ್ ಆರಿಸುವ ಮೆನು. ಅದರ 2.06 ಆವೃತ್ತಿಯಿಂದ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿ 'ಅಪ್‌ಡೇಟ್-ಗ್ರಬ್' ಓಡಿಸಿದರೆ ಸಾಲು ಮರಳಿ ಬರುತ್ತದೆ. ಅಲ್ಲಿಯ ತನಕ ಮದರ್‌ಬೋರ್ಡ್‌ನ ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿಕೊಳ್ಳಬಹುದು. ಒಂದನ್ನು ಲೆಗಸಿಯಲ್ಲಿ, ಇನ್ನೊಂದನ್ನು ಯುಇಎಫ್‌ಐನಲ್ಲಿ ಹಾಕಿದ್ದರೆ ಮಾತ್ರ ಗ್ರಬ್ ಎರಡನ್ನೂ ಕೂಡಿಸಲಾರದು.

ಸೆಕ್ಯೂರ್ ಬೂಟ್ ತಡೆದಿದೆ ಎಂಬ ಸಂದೇಶ ಬಂದರೆ ನಿಮ್ಮ ಲಿನಕ್ಸ್‌ಗೆ ಅದರ ಒಪ್ಪಿಗೆಯ ಸಹಿ ಇಲ್ಲ. ಉಬುಂಟು, ಫೆಡೋರಾಗಳಿಗೆ ಇದೆ. ಆರ್ಚ್‌ನ ಇನ್‌ಸ್ಟಾಲ್ ಪೆನ್‌ಡ್ರೈವ್‌ಗೆ ಇಲ್ಲ, ಅದಕ್ಕೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕು.

ಲೋಗೋ ಬರುತ್ತದೆ, ಚುಕ್ಕಿ ಸುತ್ತುತ್ತವೆ, ಆಮೇಲೆ ನೀಲಿ ಪರದೆ

ನೀಲಿ ಪರದೆ ಬಂದರೆ ಒಂದು ಸಮಾಧಾನ. ಬೂಟ್ ದಾರಿ ಸರಿಯಿದೆ, ವಿಂಡೋಸ್ ಶುರುವಾಗಿದೆ. ಕೆಳಗಿರುವ ದೊಡ್ಡಕ್ಷರದ ಪದಗಳನ್ನು ಓದಿ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಈ ಪರದೆ ಕಪ್ಪಾಗಿಯೂ ಇರಬಹುದು.

'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದಿದ್ದರೆ ಡಿಸ್ಕ್ ಮಾತಾಡುವ ರೀತಿ ಬದಲಾಗಿದೆ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಬಯೋಸ್‌ನಲ್ಲಿ ವಿಎಂಡಿ ಎಂಬ ಸೆಟ್ಟಿಂಗ್ ಇರುತ್ತದೆ. ಅದು ಆನ್ ಇದ್ದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಡ್ರೈವರ್ ಕೊಡದೆ ಎಸ್‌ಎಸ್‌ಡಿ ಕಾಣದೆ ಹೋಗಬಹುದು. ಅದಕ್ಕೇ ಎಷ್ಟೋ ಜನ ಅದನ್ನು ಆಫ್ ಮಾಡಿ ಓಎಸ್ ಹಾಕುತ್ತಾರೆ. ಆಮೇಲೆ ಬಯೋಸ್ ಅಪ್‌ಡೇಟ್ ಆಗಿಯೋ ಡೀಫಾಲ್ಟ್ ಲೋಡ್ ಆಗಿಯೋ ವಿಎಂಡಿ ಮತ್ತೆ ಆನ್ ಆಗುತ್ತದೆ. ಸಾಟಾ ಡಿಸ್ಕ್ ಆದರೆ ಬಯೋಸ್‌ನ ಸಾಟಾ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಆದರೂ ಇದೇ ಕಥೆ. ಇನ್‌ಸ್ಟಾಲ್ ಮಾಡಿದ ದಿನ ಹೇಗಿತ್ತೋ ಹಾಗೇ ತಿರುಗಿಸಿ, ಸರಿಹೋಗುತ್ತದೆ.

ಪ್ರತಿ ಸಲ ಬೇರೆ ಬೇರೆ ಸಂದೇಶ ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಇಲ್ಲೂ ಕೀಳುವ ಮುಂಚೆ ಕೇಳಬೇಕಾದ್ದು: ಓಎಸ್ ಹಾಕಿದ ಮೇಲೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ವೇಗ ಏರಿಸುವ ಬಯೋಸ್ ಸೆಟ್ಟಿಂಗ್) ಆನ್ ಮಾಡಿದಿರಾ? ಡೀಫಾಲ್ಟ್ ವೇಗದಲ್ಲಿ ಸರಾಗ ಓಡಿದ ರ‍್ಯಾಮ್ ಡಬ್ಬಿಯ ಮೇಲಿನ ವೇಗಕ್ಕೆ ಏರಿಸಿದಾಗ ತಡವರಿಸಬಹುದು. ಆಫ್ ಮಾಡಿ ನೋಡಿ. ಆಮೇಲೂ ನೀಲಿ ಪರದೆ ಬಂದರೆ ಮೆಮ್‌ಟೆಸ್ಟ್86ನ ಉಚಿತ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಲು ಬಿಡಿ. ಒಂದೇ ಒಂದು ಎರರ್ ತೋರಿಸಿದರೂ ಆ ರ‍್ಯಾಮ್ ನಂಬಬೇಡಿ. ಎರಡು ಕಡ್ಡಿ ಇದ್ದರೆ ಒಂದೊಂದೇ ಹಾಕಿ ಯಾವುದು ಅಂತ ಗುರುತಿಸಿ. ಹೊಸ ರ‍್ಯಾಮ್‌ಗೆ ರಬ್ಬರ್ ತಿಕ್ಕುವ ಅಗತ್ಯವಿಲ್ಲ. ಅದು ವರ್ಷಗಟ್ಟಲೆ ಧೂಳು ಕುಡಿದ ಕಡ್ಡಿಗಳ ಉಪಾಯ.

ಎರಡು ಸಲ ಸತತ ಅರ್ಧಕ್ಕೆ ನಿಂತರೆ ವಿಂಡೋಸ್ ತಾನೇ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ಸ್ಟಾರ್ಟಪ್ ರಿಪೇರಿ ಒಮ್ಮೆ ಓಡಿಸಿ. ಅದೇ 'ಆಟೋಮ್ಯಾಟಿಕ್ ರಿಪೇರಿ' ಸುತ್ತು ಹೊಡೆಯುತ್ತಿದ್ದರೆ ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಹೊಸದಾಗಿ ಡೌನ್‌ಲೋಡ್ ಮಾಡಿದ ಫೈಲ್‌ನಿಂದ ಮತ್ತೆ ಇನ್‌ಸ್ಟಾಲ್ ಮಾಡಿ. ಹಳೇ ಪೆನ್‌ಡ್ರೈವ್‌ನಲ್ಲೇ ಫೈಲ್ ಹಾಳಾಗಿರಬಹುದು.

ಫ್ಯಾನ್ ತಿರುಗುತ್ತದೆ, ಲೋಗೋ ಬಂತು, ಆಮೇಲೆ ಪರದೆ ಕಪ್ಪು

ಒಳಗೆ ಓಎಸ್ ಓಡುತ್ತಲೇ ಇರಬಹುದು. ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಮಷೀನು ಎಚ್ಚರವಾಗಿದೆ, ಚಿತ್ರ ಮಾತ್ರ ಬರುತ್ತಿಲ್ಲ.

ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಅದರ ಪೋರ್ಟ್‌ಗೇ ಹಾಕಬೇಕು, ಮದರ್‌ಬೋರ್ಡಿನದಕ್ಕಲ್ಲ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ, ಅಥವಾ ಅದು ರೈಜನ್ 5 5600 ತರಹದ್ದಾದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಕಡೆ ಮದರ್‌ಬೋರ್ಡ್‌ನ ಎಚ್‌ಡಿಎಂಐಯಲ್ಲಿ ಏನೂ ಬರದು.

ಕೇಬಲ್ ಸರಿಯಿದ್ದರೆ ಡ್ರೈವರ್. ವಿಂಡೋಸ್ ಇಂಟರ್ನೆಟ್ ಸಿಕ್ಕ ಕೂಡಲೇ ಹಿಂದಿನಿಂದಲೇ ಗ್ರಾಫಿಕ್ಸ್ ಡ್ರೈವರ್ ಇಳಿಸುತ್ತದೆ. ಆಗ ಪರದೆ ಒಂದೆರಡು ಸಲ ಕಪ್ಪಾಗುವುದು ಸಹಜ, ಐದು ನಿಮಿಷ ಕಾಯಿರಿ. ಬರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗಲೂ ಇಲ್ಲವೆಂದರೆ ಸೇಫ್ ಮೋಡ್‌ಗೆ ಹೋಗಿ ಡ್ರೈವರ್ ತೆಗೆದು, ಎನ್‌ವಿಡಿಯಾ ಅಥವಾ ಎಎಂಡಿ ಕಂಪನಿಯ ತಾಣದಿಂದಲೇ ಇಳಿಸಿ ಹಾಕಿ.

ಉಬುಂಟುವಿನಲ್ಲಿ ಎನ್‌ವಿಡಿಯಾ ಕಾರ್ಡ್ ಇದ್ದಾಗ ಈ ಕಪ್ಪು ಪರದೆ ಹಳೇ ನೆಂಟ. ಗ್ರಬ್ ಮೆನುವಿನಲ್ಲಿ 'ಇ' ಕೀ ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂಬ ಪದ ಸೇರಿಸಿ ಎಫ್10 ಒತ್ತಿ. ಮೆನು ಕಾಣದಿದ್ದರೆ ಲೋಗೋ ಹೋದ ಕೂಡಲೇ ಎಸ್ಕೇಪ್ ಒತ್ತಿ. ಇದು ಒಂದು ಸಲದ ದಾರಿ. ಒಳಗೆ ಹೋದ ಮೇಲೆ 'ಅಡಿಷನಲ್ ಡ್ರೈವರ್ಸ್'ನಿಂದ ಸರಿಯಾದ ಡ್ರೈವರ್ ಹಾಕಿ.

ಲೋಗೋ ಕೂಡ ಬರುತ್ತಿಲ್ಲ

ಇನ್‌ಸ್ಟಾಲ್ ಮಾಡುವಾಗ ಚಿತ್ರ ಬರುತ್ತಿತ್ತು, ಈಗ ಲೋಗೋಗೂ ಗತಿಯಿಲ್ಲ ಅಂದರೆ ಆಗ ಮತ್ತು ಈಗಿನ ನಡುವೆ ಏನು ಬದಲಿಸಿದಿರಿ ಅಂತ ನೆನೆಸಿಕೊಳ್ಳಿ. ಹೆಚ್ಚಾಗಿ ಅದು ರ‍್ಯಾಮ್ ವೇಗವೇ. ಡಿಡಿಆರ್5 ಬೋರ್ಡ್‌ಗಳು, ಅದರಲ್ಲೂ ಎಎಂಡಿಯ ಎಎಂ5 ಸಾಕೆಟ್‌ನವು, ರ‍್ಯಾಮ್ ಸೆಟ್ಟಿಂಗ್ ಬದಲಾದಾಗ ಅದನ್ನು ಹೊಸದಾಗಿ ಪಳಗಿಸಿಕೊಳ್ಳುತ್ತವೆ. ಕೆಲವು ನಿಮಿಷ ಕಪ್ಪು ಪರದೆ, ಬರೀ ಫ್ಯಾನ್. ನಡುವೆ ಪವರ್ ತೆಗೆದರೆ ಮತ್ತೆ ಮೊದಲಿಂದ. ಕಾಫಿ ಮಾಡಿಕೊಂಡು ಬನ್ನಿ.

ಕಾದರೂ ಬರದಿದ್ದರೆ ಬೋರ್ಡ್ ಮೇಲಿನ ಚಿಕ್ಕ ದೀಪಗಳನ್ನು ನೋಡಿ. ಈಗಿನ ಅನೇಕ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ದೀಪ ಇರುತ್ತವೆ. ಯಾವುದು ಹತ್ತಿಕೊಂಡೇ ಉಳಿಯುತ್ತದೋ ಅಲ್ಲಿ ತೊಂದರೆ. ಡಿರ‍್ಯಾಮ್ ದೀಪಕ್ಕೆ ಒಂದೇ ಕಡ್ಡಿಯನ್ನು, ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದರಲ್ಲಿ, ಕ್ಲಿಕ್ ಎನ್ನುವ ತನಕ ಒತ್ತಿ ಕೂರಿಸಿ. ವಿಜಿಎ ದೀಪಕ್ಕೆ ಕಾರ್ಡ್ ತೆಗೆದು ಮತ್ತೆ ಕೂರಿಸಿ, ಅದರ ಪವರ್ ಕೇಬಲ್ ನೋಡಿ. ಬೂಟ್ ದೀಪ ಮಾತ್ರ ಉಳಿದರೆ ಮೇಲಿನ ಬೂಟ್ ಡಿವೈಸ್ ಭಾಗಕ್ಕೆ ಹಿಂತಿರುಗಿ.

ಮುಂದಿನ ಹೆಜ್ಜೆ ಸಿಎಂಒಎಸ್ ಕ್ಲಿಯರ್. ಪ್ಲಗ್ ಕಿತ್ತು, ನಾಣ್ಯದಂತಿರುವ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದು ಹಾಕಿ, ಇಲ್ಲವೇ ಮ್ಯಾನುವಲ್ ತೋರಿಸುವ ಎರಡು ಪಿನ್‌ಗಳನ್ನು ಜೋಡಿಸಿ. ಬಯೋಸ್ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಆಮೇಲೆ ವಿಎಂಡಿ, ಸಿಎಸ್‌ಎಂ, ಬೂಟ್ ಸರದಿ ಮತ್ತೆ ನೋಡಲು ಮರೆಯಬೇಡಿ.

ಏಳುವಾಗಲೇ ಥಟ್ಟನೆ ಆಫ್ ಆಗುತ್ತದೆ, ಇಲ್ಲವೇ ಕೆಲವೊಮ್ಮೆ ಮಾತ್ರ ಏಳುತ್ತದೆ

ಯುಪಿಎಸ್‌ಗೆ ಹಾಕಿದ್ದರೆ ಅದನ್ನು ಬಿಟ್ಟು ಗೋಡೆಯ ಪ್ಲಗ್‌ಗೆ ನೇರವಾಗಿ ಹಾಕಿ ನೋಡಿ. ಮನೆಗಳಲ್ಲಿ ಇಡುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್‌ವರೆಗೆ ಮಾತ್ರ ತಾಳುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಎಳೆದರೆ ಕೈಬಿಡುತ್ತದೆ. ಆಮೇಲೆ ಬಯೋಸ್‌ನಲ್ಲಿ ಪ್ರೊಸೆಸರ್ ಬಿಸಿ ನೋಡಿ. ಏನೂ ಮಾಡದೆ ಕೂತಿರುವಾಗಲೇ 90 ಡಿಗ್ರಿ ಕಡೆ ಏರುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ, ಅಥವಾ ಅದರ ತಳದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆ. ಬೇರೆ ಎಸ್‌ಎಂಪಿಎಸ್ ತಂದು ಪರೀಕ್ಷಿಸುವುದಾದರೆ ಅದರ ಕೇಬಲ್‌ಗಳನ್ನೇ ಬಳಸಿ. ಮಾಡ್ಯುಲರ್ ಕೇಬಲ್ ಒಂದು ಕಂಪನಿಯದು ಇನ್ನೊಂದಕ್ಕೆ ಸಲೀಸಾಗಿ ಕೂರಬಹುದು, ಆದರೆ ಒಳಗಿನ ತಂತಿಯ ಕ್ರಮ ಬೇರೆಯಾಗಿದ್ದರೆ ಡಿಸ್ಕ್, ಬೋರ್ಡ್ ಸುಟ್ಟುಹೋಗುತ್ತವೆ.

ಪ್ಲಗ್ ಕಿತ್ತಿಟ್ಟ ಮರುದಿನ ಗಡಿಯಾರ ಹಿಂದಕ್ಕೆ ಹೋಗಿ ಬಯೋಸ್ ಸೆಟ್ಟಿಂಗ್ ಮಾಯವಾಗಿದ್ದರೆ ಸಿಆರ್2032 ಬ್ಯಾಟರಿ ಬದಲಿಸಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಳೇ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ, ನುಂಗಿದರೆ ಪ್ರಾಣಾಪಾಯ. ರೀಸ್ಟಾರ್ಟ್ ಮಾಡಿದರೆ ಸರಿ, ಶಟ್‌ಡೌನ್ ಮಾಡಿ ಆನ್ ಮಾಡಿದರೆ ಮಾತ್ರ ತೊಂದರೆ ಅಂದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

48 ಅಂಕಿಯ ಕೀ ಕೇಳುತ್ತಿದೆ

ಇದು ಬಿಟ್‌ಲಾಕರ್, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ. ಬಯೋಸ್ ಅಪ್‌ಡೇಟ್ ಆದಾಗ, ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಾದಾಗ ಕೇಳುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ನೀವು ಹೇಳದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಕೀ ಆ ಖಾತೆಯಲ್ಲೇ ಉಳಿದಿರುತ್ತದೆ, ಫೋನಿನಿಂದ ಲಾಗಿನ್ ಆಗಿ ನೋಡಿ. ಎಎಂಡಿ ಬೋರ್ಡ್ ಪ್ರೊಸೆಸರ್ ಬದಲಾದ ಮೇಲೆ 'ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ರೀಸೆಟ್ ಮಾಡಲಾ' ಎಂದು ಕೇಳಿದರೆ ಕೀ ಕೈಯಲ್ಲಿಲ್ಲದೆ 'ವೈ' ಒತ್ತಬೇಡಿ. ಕೀ ಇಲ್ಲದ ಡಿಸ್ಕ್‌ಅನ್ನು ಯಾವ ಅಂಗಡಿಯವರೂ ತೆರೆದುಕೊಡಲಾರರು.

ಎಲ್ಲಿ ನಿಲ್ಲಿಸಬೇಕು

ಪ್ರೊಸೆಸರ್ ಸಾಕೆಟ್‌ನ ಪಿನ್ ಬಾಗಿದ್ದು ಕಂಡರೆ ಸೂಜಿ ಹಿಡಿದು ನೆಟ್ಟಗೆ ಮಾಡಲು ಹೋಗಬೇಡಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದು ಅದರಲ್ಲಿ ಬೇಕಾದ ಡೇಟಾ ಇದ್ದರೆ ಮತ್ತೆ ಆನ್ ಮಾಡಬೇಡಿ. ಸಿಪಿಯು ದೀಪ ಉರಿಯುತ್ತಲೇ ಇದ್ದರೆ, ಒಂದೇ ಕಡ್ಡಿ ರ‍್ಯಾಮ್ ಇಟ್ಟು ಸಿಎಂಒಎಸ್ ಕ್ಲಿಯರ್ ಮಾಡಿದ ಮೇಲೂ ಲೋಗೋ ಬರದಿದ್ದರೆ, ಇನ್ನು ಬೇಕಾಗಿರುವುದು ಬದಲಿ ಭಾಗ ಹಾಕಿ ನೋಡುವ ಅನುಕೂಲ. ಅದು ಅಂಗಡಿಯಲ್ಲೇ ಸಿಗುವುದು. ಬೆಂಗಳೂರಿನವರಾದರೆ ಎಸ್.ಪಿ. ರೋಡ್ ಇದೆ, ಬೇರೆ ಊರಿನವರು ಪಾರ್ಟ್ ಕೊಂಡ ಕಡೆಯೇ ಮೊದಲು ಕೇಳಿ.

ಹೋಗುವಾಗ ಎರಡು ವಿಷಯ ಹೇಳಿ: ಓಎಸ್ ಒಮ್ಮೆ ಪೂರ್ತಿ ಇನ್‌ಸ್ಟಾಲ್ ಆಗಿತ್ತು, ಆಮೇಲೆ ಇಂಥದ್ದನ್ನು ಬದಲಿಸಿದೆ. ಫೋನಿನ ವಿಡಿಯೋ ತೋರಿಸಿ. ಬಿಲ್, ಡಬ್ಬಿ, ಸೀರಿಯಲ್ ನಂಬರ್ ಸ್ಟಿಕ್ಕರ್ ಜೊತೆಗಿರಲಿ. ಮದರ್‌ಬೋರ್ಡ್ ವಾರಂಟಿಗೆ ಕೊಡುವುದಾದರೆ ಸಾಕೆಟ್ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನೂ ಹುಡುಕಿ ಹಾಕಿಕೊಂಡು ಹೋಗಿ. ಅದಿಲ್ಲದೆ ದಾರಿಯಲ್ಲಿ ಪಿನ್ ಬಾಗಿದರೆ ತಪ್ಪು ನಿಮ್ಮದಾಗುತ್ತದೆ.